ಕ್ಯಾಂಪರ್ ಒಳಗೆ ಪ್ರೊಪೇನ್ ಹೀಟರ್, ಬೆವರೋ ಗಾಜು, ಒದ್ದೆ ಹಾಸಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕ, ಕೆನಡಾ ಕಡೆ ಟ್ರಾವೆಲ್ ಟ್ರೈಲರ್ ಅಥವಾ ಕ್ಯಾಂಪರ್ ವ್ಯಾನ್ (ಒಳಗೇ ಮಲಗೋ, ಅಡುಗೆ ಮಾಡೋ ಗಾಡಿ) ಇಟ್ಕೊಂಡಿರೋ ನಮ್ಮ ಕನ್ನಡದವರು ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್ ರಜಾ ಹತ್ರ ಬಂತು ಅಂದ್ರೆ ಕೇಳೋ ಪ್ರಶ್ನೆಗಳು ಹೆಚ್ಚೂಕಮ್ಮಿ ಇವೇ. ಬೇಸಿಗೇಲಿ ಕ್ಯಾಂಪಿಂಗ್ ಮಾಡ್ಕೊಂಡಿದ್ದವರು ಮೊದಲನೇ ಸಲ ಚಳೀಲಿ ಹೊರಟಾಗ ಹೀಟರ್ ಬಗ್ಗೆ ಮಾತ್ರ ಯೋಚನೆ ಮಾಡ್ತಾರೆ, ತೇವದ ಬಗ್ಗೆ ಯಾರೂ ಮಾಡಲ್ಲ. ಆದ್ರೆ ಇವೆರಡೂ ಬೇರೆ ಬೇರೆ ವಿಷಯ ಅಲ್ವೇ ಅಲ್ಲ, ಅದನ್ನ ಮನಸ್ಸಲ್ಲಿಟ್ಕೊಂಡು ಓದಿ.

ಪೋರ್ಟಬಲ್ ಪ್ರೊಪೇನ್ ಹೀಟರ್ ಅಂದ್ರೆ ಯಾವುದು? ಕ್ಯಾಂಪರ್‌ನಲ್ಲಿ ಮೊದಲೇ ಇರೋ ಫರ್ನೇಸ್ ಬೇರೆನಾ?

ಬೇರೆ, ಪೂರ್ತಿ ಬೇರೆ. ಕ್ಯಾಂಪರ್ ಜೊತೆ ಬರೋ ಫರ್ನೇಸ್‌ನಲ್ಲಿ ಬೆಂಕಿ ಒಂದು ಮುಚ್ಚಿದ ಡಬ್ಬಿ ಒಳಗೆ ಉರಿಯುತ್ತೆ, ಅದು ಉರಿಯೋಕೆ ಬೇಕಾದ ಗಾಳಿ ಹೊರಗಿಂದ ಬರುತ್ತೆ, ಹೊಗೆ ಹೊರಗೇ ಹೋಗುತ್ತೆ, ನಿಮಗೆ ಸಿಗೋದು ಬರೀ ಬಿಸಿಗಾಳಿ. ಪೋರ್ಟಬಲ್ ಹೀಟರ್ ಹಾಗಲ್ಲ, ಅದಕ್ಕೆ ಚಿಮಣಿ ಇಲ್ಲ, ನೀವು ಉಸಿರಾಡೋ ಗಾಳೀನೇ ತಗೊಂಡು ಉರಿದು, ಉರಿದಾಗ ಬರೋದನ್ನೆಲ್ಲಾ ನೀವು ಕೂತಿರೋ ಜಾಗಕ್ಕೇ ಬಿಡುತ್ತೆ.

ಇದ್ರಲ್ಲಿ ಎರಡು ಥರ ಸಿಗುತ್ತೆ. ಒಂದು ಸೆರಾಮಿಕ್ ಟೈಲ್ ಕೆಂಪಗೆ ಕಾಯೋ ಥರದ್ದು, ಮಿಸ್ಟರ್ ಹೀಟರ್ ಕಂಪನಿಯ ಬಡ್ಡಿ ಸೀರೀಸ್ ಇದೆಯಲ್ಲ ಅದು. ಪೋರ್ಟಬಲ್ ಬಡ್ಡಿ ಲೋ ಇಟ್ರೆ ಗಂಟೆಗೆ 4,000 ಬಿಟಿಯು (ಶಾಖ ಅಳೆಯೋ ಒಂದು ಮಾನ), ಹೈ ಇಟ್ರೆ 9,000. ಬಿಗ್ ಬಡ್ಡಿ 18,000ದವರೆಗೂ ಹೋಗುತ್ತೆ, ಅದು ಸಣ್ಣ ಟ್ರೈಲರ್‌ಗೆ ಜಾಸ್ತೀನೇ ಆಯ್ತು. ಇನ್ನೊಂದು ಕ್ಯಾಟಲಿಟಿಕ್, ಅಂದ್ರೆ ಜ್ವಾಲೆ ಕಾಣಿಸದೆ ಒಂದು ಪ್ಯಾಡ್ ಮೇಲೆ ಗ್ಯಾಸ್ ನಿಧಾನಕ್ಕೆ ಉರಿಯೋದು. ಒಲಿಂಪಿಯನ್ ವೇವ್ 3 ಈ ಜಾತಿ, 1,600ರಿಂದ 3,000 ಬಿಟಿಯು. ಜ್ವಾಲೆ ಇಲ್ಲ ಅಂದ್ಮೇಲೆ ನೀರೂ ಬರಲ್ಲ ಅಂತ ಕೆಲವರು ಅಂದ್ಕೊಂಡಿದ್ದಾರೆ. ಹಾಗಿಲ್ಲ, ಅಷ್ಟೇ ಗ್ಯಾಸ್ ಉರಿದ್ರೆ ಅಷ್ಟೇ ನೀರು, ಅಷ್ಟೇ ಆಕ್ಸಿಜನ್ ಖರ್ಚು.

ಫರ್ನೇಸ್ ಇದ್ಮೇಲೆ ಇದು ಯಾಕೆ ಬೇಕು?

ಕರೆಂಟ್‌ಗೋಸ್ಕರ. ಫರ್ನೇಸ್ ಫ್ಯಾನ್ 12 ವೋಲ್ಟ್ ಬ್ಯಾಟರಿ ಮೇಲೆ ಓಡುತ್ತೆ, ಹುಕಪ್, ಅಂದ್ರೆ ಕ್ಯಾಂಪ್‌ಗ್ರೌಂಡ್‌ನವರು ಕೊಡೋ ಕರೆಂಟ್ ಕನೆಕ್ಷನ್, ಇಲ್ಲದ ಜಾಗದಲ್ಲಿ ಒಂದೇ ಒಂದು ಲೆಡ್ ಆಸಿಡ್ ಬ್ಯಾಟರಿ ಇಟ್ಕೊಂಡು ರಾತ್ರಿಯಿಡೀ ಫರ್ನೇಸ್ ಓಡಿಸಿದ್ರೆ ಬೆಳಗಿನ ಜಾವ ಬ್ಯಾಟರಿ ಸುಸ್ತಾಗಿರುತ್ತೆ. ಫ್ಯಾನ್ ಸದ್ದು ಬೇರೆ. ಪೋರ್ಟಬಲ್ ಹೀಟರ್‌ಗೆ ಕರೆಂಟ್ ಬೇಡ, ಸದ್ದಿಲ್ಲ, ಎದುರಿಗೆ ಕೂತ್ರೆ ಐದು ನಿಮಿಷದಲ್ಲಿ ಕೈಕಾಲು ಬೆಚ್ಚಗಾಗುತ್ತೆ.

ಆದ್ರೆ ಒಂದು ವಿಷಯ ಮರೀಬೇಡಿ. ತುಂಬಾ ಟ್ರೈಲರ್‌ಗಳಲ್ಲಿ ಫರ್ನೇಸ್ ಡಕ್ಟ್ ನೆಲದ ಕೆಳಗೆ ಹೋಗಿ ನೀರಿನ ಪೈಪ್, ಟ್ಯಾಂಕ್ ಇರೋ ಜಾಗಾನೂ ಬೆಚ್ಚಗಿಡುತ್ತೆ. ನೀವು ಫರ್ನೇಸ್ ಆಫ್ ಮಾಡಿ ಬರೀ ಬಡ್ಡಿ ಹಾಕ್ಕೊಂಡ್ರೆ ಮೇಲೆ ನೀವು ಬೆಚ್ಚಗಿರ್ತೀರಿ, ಕೆಳಗೆ ಪೈಪ್ ಹೆಪ್ಪುಗಟ್ಟಿ ಒಡೆಯುತ್ತೆ. ಸೊನ್ನೆಗಿಂತ ಕೆಳಗೆ ಹೋಗೋ ರಾತ್ರಿಗಳಲ್ಲಿ ಫರ್ನೇಸ್‌ನ 8-10 ಡಿಗ್ರಿ ಸೆಲ್ಸಿಯಸ್‌ಗೆ ಸೆಟ್ ಮಾಡಿ ಬಿಟ್ಟು, ಸಂಜೆ ಎಚ್ಚರವಾಗಿರೋ ಹೊತ್ತಲ್ಲಿ ಮಾತ್ರ ಪೋರ್ಟಬಲ್ ಬಳಸೋದು ನನ್ನ ಪ್ರಕಾರ ಸರಿಯಾದ ಜೋಡಿ. ಹುಕಪ್ ಇರೋ ಕ್ಯಾಂಪ್‌ಗ್ರೌಂಡ್ ಆದ್ರೆ ಪ್ರೊಪೇನ್ ಯಾಕೆ ಸುಡ್ತೀರಿ, 1,500 ವಾಟ್‌ನ ಒಂದು ಎಲೆಕ್ಟ್ರಿಕ್ ಆಯಿಲ್ ಹೀಟರ್ ಹಾಕಿ, ಸುಮಾರು 5,100 ಬಿಟಿಯು ಬರುತ್ತೆ, ಒಂದು ಹನಿ ನೀರೂ ಬಿಡಲ್ಲ.

ರಾತ್ರಿ ಹೀಟರ್ ಹಾಕ್ಕೊಂಡು ಮಲಗ್ಬಹುದಾ?

ಬೇಡ.

ಎಷ್ಟು ಜನ ಎಷ್ಟು ಸಲ ಕೇಳಿದ್ರೂ ನನ್ನ ಉತ್ತರ ಇದೇ. "ನಾವು ವರ್ಷಗಟ್ಟಲೆ ಹಾಗೇ ಮಲಗಿದ್ದೀವಿ ಏನೂ ಆಗಿಲ್ಲ" ಅನ್ನೋರು ಸಿಗ್ತಾರೆ, ಅವರ ಮಾತು ಕೇಳ್ಕೊಂಡು ಮಕ್ಕಳನ್ನ ಪಕ್ಕದಲ್ಲಿ ಮಲಗಿಸ್ಕೊಂಡು ಹೀಟರ್ ಹಚ್ಚಬೇಡಿ. ಬೆಂಗಳೂರಲ್ಲಿ ಬಾತ್‌ರೂಮ್ ಒಳಗೆ ಗ್ಯಾಸ್ ಗೀಸರ್ ಹಾಕಿ ಕಿಟಕಿ ಮುಚ್ಕೊಂಡು ಸ್ನಾನಕ್ಕೆ ಹೋದವರು ಹೊರಗೆ ಬರದೇ ಇದ್ದ ಸುದ್ದಿ ನಾವೆಲ್ಲ ಓದಿದ್ದೀವಿ. ಅಲ್ಲಿ ಆಗೋದೂ ಇದೇ, ಗ್ಯಾಸ್ ಸರಿಯಾಗಿ ಉರಿಯೋಕೆ ಆಕ್ಸಿಜನ್ ಸಾಲದೆ ಕಾರ್ಬನ್ ಮೊನಾಕ್ಸೈಡ್ ಬರುತ್ತೆ, ಅದಕ್ಕೆ ಬಣ್ಣ ಇಲ್ಲ ವಾಸನೆ ಇಲ್ಲ, ರಕ್ತದಲ್ಲಿರೋ ಹಿಮೋಗ್ಲೋಬಿನ್‌ಗೆ ಅದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟ್ಕೊಳ್ಳುತ್ತೆ. ಎಚ್ಚರ ಇದ್ದಾಗ ತಲೆನೋವು, ತಲೆಸುತ್ತು, ವಾಕರಿಕೆ ಅಂತ ಗೊತ್ತಾಗುತ್ತೆ, ಫ್ಲೂ ಥರಾನೇ ಇರುತ್ತೆ. ನಿದ್ದೇಲಿದ್ರೆ ಅದೂ ಗೊತ್ತಾಗಲ್ಲ.

ಮಲಗೋ ಮುಂಚೆ ಒಂದು ಅರ್ಧ ಗಂಟೆ ಒಳಗೆಲ್ಲ ಕಾಯಿಸ್ಕೊಂಡು, ಆಫ್ ಮಾಡಿ, ಸಿಲಿಂಡರ್ ವಾಲ್ವ್‌ನೂ ಮುಚ್ಚಿ ಮಲಗಿ. ಒಳ್ಳೆ ಸ್ಲೀಪಿಂಗ್ ಬ್ಯಾಗ್, ಉಣ್ಣೆ ಟೋಪಿ, ಕಾಲಿನ ಹತ್ರ ಒಂದು ಬಿಸಿನೀರಿನ ಬಾಟಲ್, ಅಥವಾ 12 ವೋಲ್ಟ್ ಬ್ಲಾಂಕೆಟ್. ಬೆಳಿಗ್ಗೆ ಎದ್ದವರು ಮೊದಲು ಹಚ್ಚಲಿ, ಉಳಿದವರು ಬೆಚ್ಚಗಾದ್ಮೇಲೆ ಏಳಲಿ. ಮತ್ತೆ ಇದ್ದಿಲು ಹಾಕಿದ ಅಗ್ಗಿಷ್ಟಿಕೆ, ಬಾರ್ಬೆಕ್ಯೂ ಗ್ರಿಲ್ ಆರೋಗಿದೆ ಅಂತ ಒಳಗೆ ತಂದಿಡೋದು, ಅಡುಗೆ ಒಲೆ ಹಚ್ಚಿ ಬಿಟ್ಟು ಅದರ ಬಿಸೀಲಿ ಕೂರೋದು, ಇದ್ಯಾವುದೂ ಯಾವತ್ತೂ ಬೇಡ.

ನನ್ನ ಹೀಟರ್‌ನಲ್ಲಿ ಆಕ್ಸಿಜನ್ ಸೆನ್ಸರ್ ಇದೆ, ಮತ್ತೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಯಾಕೆ?

ಆ ಸೆನ್ಸರ್ ನೋಡೋದು ಆಕ್ಸಿಜನ್ ಕಮ್ಮಿ ಆಯ್ತಾ ಅಂತ ಅಷ್ಟೇ. ಸಾಮಾನ್ಯ ಗಾಳೀಲಿ ಶೇಕಡಾ 20.9 ಇರುತ್ತೆ, ಅದು ಸುಮಾರು 18ರ ಹತ್ರ ಇಳಿಯೋಷ್ಟರಲ್ಲಿ ಪೈಲಟ್ ಜ್ವಾಲೆ (ಬರ್ನರ್ ಹಚ್ಚೋ ಸಣ್ಣ ಜ್ವಾಲೆ) ಅಲ್ಲಾಡಿ ಗ್ಯಾಸ್ ಕಟ್ ಆಗುತ್ತೆ. ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಅಂತ ಅದು ಅಳೆಯೋದೇ ಇಲ್ಲ. ಬರ್ನರ್‌ನಲ್ಲಿ ಧೂಳು ಕೂತು ಜ್ವಾಲೆ ಹಳದಿಯಾಗಿ ಉರೀತಿದ್ರೆ ಆಕ್ಸಿಜನ್ ಬೇಕಾದಷ್ಟಿದ್ರೂ ಮೊನಾಕ್ಸೈಡ್ ಬರಬಹುದು.

ಆದ್ದರಿಂದ ಬ್ಯಾಟರಿ ಮೇಲೆ ಓಡೋ ಅಲಾರಂ ಒಂದಾದ್ರೂ ಇರ್ಲೇಬೇಕು, ಮಲಗೋ ಎತ್ತರದಲ್ಲಿ. ನಂಬರ್ ತೋರ್ಸೋ ಡಿಸ್‌ಪ್ಲೇ ಇರೋದನ್ನ ತಗೊಳ್ಳಿ ಅಂತ ನಾನು ಒತ್ತಿ ಹೇಳ್ತೀನಿ, ಯಾಕಂದ್ರೆ ಅಮೆರಿಕದ ಯುಎಲ್ 2034 ಸ್ಟ್ಯಾಂಡರ್ಡ್ ಪ್ರಕಾರ ಮಾಮೂಲಿ ಅಲಾರಂ 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 70 ಭಾಗ) ಇದ್ರೂ ಕೂಗೋಕೆ 1ರಿಂದ 4 ಗಂಟೆ ತಗೊಳ್ಳುತ್ತೆ, 150 ಇದ್ರೆ 10ರಿಂದ 50 ನಿಮಿಷ, 400 ಇದ್ರೆ 4ರಿಂದ 15 ನಿಮಿಷ. ಅಂದ್ರೆ ಕೂಗಿಲ್ಲ ಅಂದ ಮಾತ್ರಕ್ಕೆ ಒಳಗೆ ಏನೂ ಇಲ್ಲ ಅಂತಲ್ಲ. ಡಿಸ್‌ಪ್ಲೇ ಇದ್ರೆ 15, 20 ಅಂತ ಏರೋಕೆ ಶುರುವಾದಾಗ್ಲೇ ನೀವು ಹೀಟರ್ ಆರಿಸಿ ಬಾಗಿಲು ತೆಗೀಬಹುದು.

ಗ್ಯಾಸ್ ಲೀಕ್ ಡಿಟೆಕ್ಟರ್ ಬೇರೆ, ಅದು ನೆಲದ ಹತ್ರ ಇರ್ಬೇಕು. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸೋರಿದ್ರೆ ಕೆಳಗೇ ಸೇರ್ಕೊಳ್ಳುತ್ತೆ. ಎರಡಕ್ಕೂ ಎಕ್ಸ್‌ಪೈರಿ ಇರುತ್ತೆ, ಹಿಂದುಗಡೆ ಬರೆದಿರ್ತಾರೆ. ಸೆಕೆಂಡ್ ಹ್ಯಾಂಡ್ ಟ್ರೈಲರ್ ತಗೊಂಡವರು ಮೊದಲ ದಿನಾನೇ ಅದನ್ನ ತಿರುಗಿಸಿ ನೋಡಿ.

ಹೀಟರ್ ಹಾಕಿದ ಮೇಲೇನೇ ಗಾಜೆಲ್ಲ ನೀರು ನೀರು ಆಗುತ್ತೆ, ಬಿಸಿ ಮಾಡಿದ್ರೆ ಒಣಗಬೇಕಲ್ವಾ?

ಇದೇ ಇಡೀ ವಿಷಯದ ಬೇರು, ಸ್ವಲ್ಪ ಉದ್ದ ಆದ್ರೂ ಪೂರ್ತಿ ಓದಿ.

ಪ್ರೊಪೇನ್ ಉರಿದ್ರೆ ಕಾರ್ಬನ್ ಡೈಆಕ್ಸೈಡ್ ಮತ್ತೆ ನೀರು ಬರುತ್ತೆ. 44 ಗ್ರಾಂ ಪ್ರೊಪೇನ್ ಉರಿದ್ರೆ 72 ಗ್ರಾಂ ನೀರು, ಅಂದ್ರೆ ಒಂದು ಕೆಜಿ ಗ್ಯಾಸ್ ಸುಟ್ರೆ ಒಂದೂವರೆ ಲೀಟರ್‌ಗೂ ಜಾಸ್ತಿ ನೀರು ಆವಿಯಾಗಿ ಗಾಳಿಗೆ ಸೇರುತ್ತೆ. ಗ್ಯಾಸ್‌ಗಿಂತ ನೀರೇ ಜಾಸ್ತಿ ಹೆಂಗೆ ಅಂತ ಕೇಳ್ತಾರೆ, ಗಾಳಿಯಲ್ಲಿರೋ ಆಕ್ಸಿಜನ್ ಬಂದು ಸೇರ್ಕೊಳ್ಳೋದ್ರಿಂದ ತೂಕ ಹೆಚ್ಚುತ್ತೆ. ಆ ಹಸಿರು ಬಣ್ಣದ 1 ಪೌಂಡ್ ಸಿಲಿಂಡರ್ ಇರುತ್ತಲ್ಲ, ಅದೊಂದು ಖಾಲಿ ಆಯ್ತು ಅಂದ್ರೆ ಮುಕ್ಕಾಲು ಲೀಟರ್ ಹತ್ರ ನೀರು ನಿಮ್ಮ ಕ್ಯಾಂಪರ್ ಒಳಗೆ ಬಿದ್ದಿದೆ ಅಂತ ಲೆಕ್ಕ. ಪೋರ್ಟಬಲ್ ಬಡ್ಡಿ ಲೋ ಸೆಟ್ಟಿಂಗ್‌ನಲ್ಲಿ ಗಂಟೆಗೆ ಸುಮಾರು 140 ಗ್ರಾಂ, ಹೈನಲ್ಲಿ 300 ಗ್ರಾಂ ನೀರು ಬಿಡುತ್ತೆ. ಇದರ ಜೊತೆಗೆ ಮನುಷ್ಯರು, ಒಬ್ಬೊಬ್ಬರ ಉಸಿರು ಮತ್ತೆ ಬೆವರಿಂದ ಗಂಟೆಗೆ 40-50 ಗ್ರಾಂ.

ಬಿಸಿ ಗಾಳಿ ನೀರನ್ನ ಜಾಸ್ತಿ ಹಿಡ್ಕೊಳ್ಳುತ್ತೆ, ತಣ್ಣಗಿನ ಗಾಳಿಗೆ ಅಷ್ಟು ಆಗಲ್ಲ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ಆವಿ ಹಿಡಿಯುತ್ತೆ, ಸೊನ್ನೆ ಡಿಗ್ರಿಯಲ್ಲಿ 5 ಗ್ರಾಂಗಿಂತ ಕಮ್ಮಿ. ಒಳಗಿನ ಬಿಸಿ ತೇವದ ಗಾಳಿ ಹೋಗಿ ತಣ್ಣಗಿರೋ ಗಾಜಿಗೆ ತಾಗಿದ ತಕ್ಷಣ ಹಿಡ್ಕೊಂಡಿದ್ದನ್ನ ಅಲ್ಲೇ ಬಿಡುತ್ತೆ, ಐಸ್ ನೀರು ತುಂಬಿದ ಸ್ಟೀಲ್ ಚೊಂಬು ಹೊರಗೆ ಬೆವರುತ್ತಲ್ಲ ಹಾಗೆ. ಒಳಗೆ 20 ಡಿಗ್ರಿ, ಹ್ಯುಮಿಡಿಟಿ (ಆ ಬಿಸಿಯಲ್ಲಿ ಗಾಳಿ ಹಿಡಿಯೋಕಾಗೋ ಆವೀಲಿ ಎಷ್ಟು ಪಾಲು ಇದೆ ಅನ್ನೋದು) ಶೇಕಡಾ 60 ಇದೆ ಅಂದ್ಕೊಳ್ಳಿ, 12 ಡಿಗ್ರಿಗಿಂತ ತಣ್ಣಗಿರೋ ಯಾವ ಜಾಗ ಆದ್ರೂ ಬೆವರುತ್ತೆ. ಹೊರಗೆ ಸೊನ್ನೆ ಇದ್ದಾಗ ಒಂಟಿ ಗಾಜಿನ ಒಳಮೈ 5 ಡಿಗ್ರಿ ಆಸುಪಾಸು ಇರುತ್ತೆ. ಹಾಗಾಗಿ ಗಾಜು ಮೊದಲು, ಆಮೇಲೆ ಕಿಟಕಿಯ ಅಲ್ಯುಮಿನಿಯಂ ಫ್ರೇಮ್, ಗೋಡೆ ಒಳಗಿನ ಅಲ್ಯುಮಿನಿಯಂ ಪಟ್ಟಿಗಳು ಹಾದುಹೋಗೋ ಗೆರೆಗಳು, ಕಪಾಟಿನ ಹಿಂಬದಿ ಮೂಲೆ, ಹಾಸಿಗೆ ಅಡಿ. ಗಾಜಿನ ಮೇಲೆ ಕಾಣೋ ನೀರು ಒರೆಸಬಹುದು. ಕಾಣದೆ ಇರೋ ಜಾಗದಲ್ಲಿ ಕೂತಿದ್ದು ಪ್ಲೈವುಡ್ ಕೊಳೆಸುತ್ತೆ, ಅದಕ್ಕೇ ನಾನು ಇಷ್ಟು ತಲೆಕೆಡಿಸ್ಕೊಳ್ಳೋದು.

ಕಿಟಕಿ ತೆಗೆದಿಡಿ ಅಂತೀರಿ, ಬಿಸಿ ಎಲ್ಲ ಹೊರಗೆ ಹೋಗಲ್ವಾ?

ಹೋಗುತ್ತೆ, ಆದ್ರೆ ನೀವಂದ್ಕೊಂಡಷ್ಟಲ್ಲ. ಇಬ್ಬರು ಇದ್ದೀರಿ, ಹೀಟರ್ ಲೋನಲ್ಲಿದೆ, ಹೊರಗೆ ಸೊನ್ನೆ ಡಿಗ್ರಿ ಅಂತ ಇಟ್ಕೊಂಡು ಲೆಕ್ಕ ಹಾಕಿ ನೋಡಿ. ಗಂಟೆಗೆ 230 ಗ್ರಾಂ ಹತ್ರ ನೀರು ಸೇರ್ತಿದೆ. ಹೊರಗಿನ ಒಂದು ಘನ ಮೀಟರ್ ತಣ್ಣನೆ ಗಾಳಿ ಒಳಗೆ ಬಂದು ಬಿಸಿಯಾಗಿ ಶೇಕಡಾ 50 ಹ್ಯುಮಿಡಿಟಿಯಲ್ಲಿ ಆಚೆ ಹೋದ್ರೆ ಹೋಗ್ತಾ ಸುಮಾರು 4 ಗ್ರಾಂ ನೀರು ಹೊತ್ಕೊಂಡು ಹೋಗುತ್ತೆ. ಅಂದ್ರೆ ಗಂಟೆಗೆ 60 ಘನ ಮೀಟರ್ ಗಾಳಿ ಬದಲಾಗ್ಬೇಕು, ಒಂದು ಸಾಧಾರಣ ಟ್ರೈಲರ್‌ನ ಗಾಳಿ ಎರಡು ಸಲ ಬದಲಾದಂಗೆ. ಅಷ್ಟು ಗಾಳೀನ ಬಿಸಿ ಮಾಡೋಕೆ ಖರ್ಚಾಗೋದು ಹೀಟರ್ ಲೋ ಸೆಟ್ಟಿಂಗ್‌ನಲ್ಲಿ ಕೊಡೋ ಶಾಖದ ಮೂರನೇ ಒಂದು ಭಾಗ. ಕಮ್ಮಿ ಅಲ್ಲ, ಒಪ್ಕೊಳ್ತೀನಿ, ಆದ್ರೆ ಆ ಖರ್ಚಲ್ಲಿ ನಿಮಗೆ ಆಕ್ಸಿಜನ್ನೂ ಸಿಕ್ತು, ಹಾಸಿಗೆನೂ ಒಣಗಿತ್ತು. ಚಳಿ ಅಂತ ಇರೋ ಬರೋ ಸಂದಿಗೆಲ್ಲ ಟೇಪ್ ಹಾಕಿ ಮುಚ್ಚಿ ಒಳಗೆ ಬೆಂಕಿ ಹಚ್ಚೋದಕ್ಕಿಂತ ಅಪಾಯ ಇನ್ನೊಂದಿಲ್ಲ.

ಎಷ್ಟು ತೆಗೀಬೇಕು ಅಂದ್ರೆ, ಪ್ರತಿ ಹೀಟರ್ ಮ್ಯಾನ್ಯುಯಲ್‌ನಲ್ಲೂ ಎಷ್ಟು ಚದರ ಇಂಚು ಓಪನಿಂಗ್ ಬೇಕು ಅಂತ ಬರೆದಿರುತ್ತೆ. ಅದು ಕನಿಷ್ಠ, ಉಸಿರಾಟಕ್ಕೆ ಬೇಕಾಗಿರೋದು, ತೇವಕ್ಕೆ ಇನ್ನೂ ಜಾಸ್ತಿ ಬೇಕು. ಒಂದೇ ಕಡೆ ತೆಗೆಯೋದಕ್ಕಿಂತ ಎರಡು ಕಡೆ ತೆಗೀರಿ, ಕೆಳಗೊಂದು ಕಿಟಕಿ ಒಂದಿಂಚು, ಮೇಲೆ ರೂಫ್ ವೆಂಟ್ ಒಂದೆರಡು ಇಂಚು. ಬಿಸಿ ತೇವದ ಗಾಳಿ ಮೇಲಿಂದ ತಾನೇ ಹೋಗುತ್ತೆ, ಕೆಳಗಿಂದ ಹೊಸದು ಬರುತ್ತೆ. ರೂಫ್ ಫ್ಯಾನ್ ಇದ್ರೆ ಅತಿ ನಿಧಾನ ಸ್ಪೀಡ್‌ನಲ್ಲಿ ಹೊರಕ್ಕೆ ಎಳೆಯೋ ಹಾಗೆ ಹಾಕಿ, ಆದ್ರೆ ಎಲ್ಲಾ ಕಿಟಕಿ ಮುಚ್ಚಿ ಫ್ಯಾನ್ ಜೋರಾಗಿ ಓಡಿಸ್ಬೇಡಿ.

ಹೊರಗೆ ಮಳೆ ಸುರೀತಿದೆ, ಆಗ ಕಿಟಕಿ ತೆಗೆದ್ರೆ ತೇವ ಒಳಗೇ ಬರಲ್ವಾ?

ಹೊರಗೆ ಎಷ್ಟು ತಣ್ಣಗಿದೆ ಅನ್ನೋದರ ಮೇಲೆ ಹೋಗುತ್ತೆ. ಸೊನ್ನೆ ಡಿಗ್ರಿಯ ಗಾಳಿ ಪೂರ್ತಿ ತೇವದಿಂದ ತುಂಬಿದ್ರೂ ಅದನ್ನ ಒಳಗೆ ತಂದು 20 ಡಿಗ್ರಿಗೆ ಕಾಯಿಸಿದ್ರೆ ಹ್ಯುಮಿಡಿಟಿ ಶೇಕಡಾ 28ಕ್ಕೆ ಇಳಿಯುತ್ತೆ. ಅದಕ್ಕೇ ಕೊಲರಾಡೋ, ಯೂಟಾ ಕಡೆಯ ಒಣ ಚಳೀಲಿ ಒಂದು ವೆಂಟ್ ತೆಗೆದ್ರೆ ಗಾಜು ಒಣಗಿಬಿಡುತ್ತೆ. ಆದ್ರೆ ನಮ್ಮ ಸಿಯಾಟಲ್ ಕಡೆ, ಆರೆಗನ್ ಕೋಸ್ಟ್ ಕಡೆ ಚಳಿಗಾಲ ಅಂದ್ರೆ 7 ಡಿಗ್ರಿ ಮತ್ತೆ ಬಿಡದ ಜಿಟಿಜಿಟಿ ಮಳೆ. ಆ ಗಾಳೀನ 20ಕ್ಕೆ ಕಾಯಿಸಿದ್ರೆ ಶುರುವಲ್ಲೇ ಶೇಕಡಾ 45, ಅಂದ್ರೆ ಅದಕ್ಕೆ ಇನ್ನು ನೀರು ಹೊರೋ ಜಾಗ ಸ್ವಲ್ಪಾನೇ ಉಳಿದಿರುತ್ತೆ. ಇಲ್ಲಿ ಪೋರ್ಟಬಲ್ ಪ್ರೊಪೇನ್ ಹೀಟರ್ ಗೆಲ್ಲಲ್ಲ, ನೇರವಾಗಿ ಹೇಳ್ಬಿಡ್ತೀನಿ. ಹುಕಪ್ ಇರೋ ಸೈಟ್ ತಗೊಂಡು ಎಲೆಕ್ಟ್ರಿಕ್ ಹೀಟರ್ ಜೊತೆ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯೋ ಯಂತ್ರ) ಇಡಿ, ಇಲ್ಲಾಂದ್ರೆ ಫರ್ನೇಸ್, ಇಲ್ಲಾಂದ್ರೆ ಹೊಗೆ ಹೊರಗೆ ಬಿಡೋ ಡೀಸೆಲ್ ಹೀಟರ್.

ಹ್ಯುಮಿಡಿಟಿ ಎಷ್ಟಿರ್ಬೇಕು?

ಶೇಕಡಾ 40-50. ಹತ್ತು ಹದಿನೈದು ಡಾಲರ್‌ಗೆ ಸಣ್ಣ ಮೀಟರ್ ಸಿಗುತ್ತೆ, ಎರಡು ತಗೊಳ್ಳಿ, ಒಂದು ಹಾಲ್‌ನಲ್ಲಿ, ಇನ್ನೊಂದು ಹಾಸಿಗೆ ಪಕ್ಕದ ಮೂಲೇಲಿ. ತುಂಬಾ ಚಳಿ ಇದ್ದಾಗ ಗಾಜು ಸ್ವಲ್ಪ ಬೆವರಿದ್ರೆ ಗಾಬರಿ ಬೇಡ, ಒಂಟಿ ಗಾಜಿಗೆ ಅದು ಸಹಜ, ಬೆಳಿಗ್ಗೆ ಟವೆಲ್‌ನಲ್ಲಿ ಒರೆಸಿ ಟವೆಲ್‌ನ ಹೊರಗೆ ಹಿಂಡಿ. ಒಳಗೇ ಒಣಗೋಕೆ ನೇತು ಹಾಕಿದ್ರೆ ಅದೇ ನೀರು ವಾಪಸ್ ಗಾಳಿಗೆ.

ಅಡುಗೆ ಮಾಡಿದ್ರೆ ಎಷ್ಟು ವ್ಯತ್ಯಾಸ ಆಗುತ್ತೆ?

ನಮ್ಮ ಅಡುಗೇಲಿ ತುಂಬಾನೇ ಆಗುತ್ತೆ. ಇಂಗ್ಲಿಷ್‌ನಲ್ಲಿ ಬರೋ ಸಲಹೆಗಳೆಲ್ಲ ಸ್ಯಾಂಡ್‌ವಿಚ್, ಸಾಸೇಜ್ ಮಾಡೋರಿಗೆ ಸರಿ. ನಾವು ಕುಕ್ಕರ್‌ನಲ್ಲಿ ಬೇಳೆ ಇಡ್ತೀವಿ, ಅನ್ನ ಬಸೀತೀವಿ, ಸಾರು ಕುದಿಸ್ತೀವಿ, ಬೆಳಿಗ್ಗೆ ಇಡ್ಲಿ ಹಬೇಲಿ ಬೇಯಿಸ್ತೀವಿ, ಮಧ್ಯದಲ್ಲಿ ಎರಡು ಸಲ ಕಾಫಿ. ಅರ್ಧ ಲೀಟರ್ ನೀರು ಹಬೆಯಾಗೋದು ಏನೂ ಕಷ್ಟ ಇಲ್ಲ, ಮತ್ತೆ ಒಲೆಯ ಗ್ಯಾಸ್ ಉರಿದು ಬರೋ ನೀರು ಬೇರೆ. ಅಡುಗೆ ಬಿಡಿ ಅಂತ ನಾನು ಹೇಳಲ್ಲ, ಚಳೀಲಿ ಬಿಸಿ ಸಾರು ಅನ್ನ ಇಲ್ಲದೆ ಹೆಂಗಿರೋದು. ಕುಕ್ಕರ್ ಮಾತ್ರ ಹೊರಗೆ ಕ್ಯಾಂಪ್ ಸ್ಟವ್ ಮೇಲೆ ಕೂಗಿಸಿ, ಪಿಕ್‌ನಿಕ್ ಟೇಬಲ್ ಮೇಲೆ ಆರಾಮಾಗಿ ಆಗುತ್ತೆ. ಒಳಗೆ ಮಾಡೋದಾದ್ರೆ ಪಾತ್ರೆಗೆ ಮುಚ್ಚಳ ಹಾಕಿ, ಒಲೆ ಮೇಲಿರೋ ರೇಂಜ್ ಹುಡ್ ಫ್ಯಾನ್ ಆನ್ ಮಾಡಿ. ಆ ಹುಡ್‌ನ ಹೊರಗಿನ ಮುಚ್ಚಳಕ್ಕೆ ಕೆಲವು ಟ್ರೈಲರ್‌ಗಳಲ್ಲಿ ಒಂದು ಚಿಲಕ ಇರುತ್ತೆ, ಅದನ್ನ ಹೊರಗೆ ಹೋಗಿ ತೆಗೀದೇ ಇದ್ರೆ ಫ್ಯಾನ್ ಸುಮ್ನೆ ಸದ್ದು ಮಾಡುತ್ತೆ ಅಷ್ಟೇ, ಹಬೆ ಎಲ್ಲೂ ಹೋಗಲ್ಲ. ಸ್ನಾನ ಕ್ಯಾಂಪ್‌ಗ್ರೌಂಡ್ ಬಾತ್‌ಹೌಸ್‌ನಲ್ಲಿ ಮಾಡಿ ಬನ್ನಿ, ಒದ್ದೆ ಜಾಕೆಟ್, ಹಿಮ ಅಂಟಿದ ಬೂಟು ಬಾಗಿಲ ಹತ್ರಾನೇ ಬಿಡಿ.

ಹಾಸಿಗೆ ಅಡಿ ಯಾಕೆ ಒದ್ದೆ ಆಗುತ್ತೆ?

ಮೇಲಿಂದ ನಿಮ್ಮ ಮೈಯ ಬಿಸಿ ಮತ್ತೆ ಬೆವರಿನ ಆವಿ ಫೋಮ್ ಒಳಗಿಂದ ಕೆಳಗಿಳಿಯುತ್ತೆ, ಕೆಳಗೆ ಪ್ಲೈವುಡ್ ಹೊರಗಿನ ಚಳಿಯಷ್ಟೇ ತಣ್ಣಗಿರುತ್ತೆ, ಅಲ್ಲಿ ನೀರಾಗುತ್ತೆ. ಗಾಳಿ ಆಡದೆ ಇರೋದ್ರಿಂದ ಒಣಗಲ್ಲ, ನಾಲ್ಕೈದು ದಿನಕ್ಕೆ ಮುಗ್ಗಲು ವಾಸನೆ ಶುರು. ಹಾಸಿಗೆ ಕೆಳಗೆ ಮರದ ಪಟ್ಟಿ ಹಾಕಿ ಎತ್ತರಿಸಿ, ಅಥವಾ ದೋಣಿಗಳಲ್ಲಿ ಬಳಸೋ ಬಲೆ ಥರದ ಪ್ಲಾಸ್ಟಿಕ್ ಮ್ಯಾಟ್ ಹಾಸಿ, ದಿನಾ ಬೆಳಿಗ್ಗೆ ಹಾಸಿಗೆನ ಎತ್ತಿ ಗೋಡೆಗೆ ಒರಗಿಸಿ ಒಂದು ಗಂಟೆ ಬಿಡಿ. ಹಾಸಿಗೆ ಗೋಡೆಗೆ ಅಂಟ್ಕೊಂಡಿರಬಾರದು, ಎರಡು ಬೆರಳಷ್ಟು ಜಾಗ ಇರ್ಲಿ. ಕಪಾಟಿನ ಬಾಗಿಲುಗಳನ್ನೂ ರಾತ್ರಿ ಸ್ವಲ್ಪ ತೆಗೆದಿಟ್ರೆ ಒಳ್ಳೇದು.

ತೇವ ಹೀರೋ ಹರಳಿನ ಡಬ್ಬಿ ಇಟ್ರೆ ಸಾಕಾ?

ಸಾಲಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ವಾರಗಟ್ಟಲೆ ಕೂತು ಒಂದಿಷ್ಟು ನೂರು ಗ್ರಾಂ ನೀರು ಹೀರುತ್ತೆ, ಹೀಟರ್ ಅಷ್ಟನ್ನ ಎರಡು ಮೂರು ಗಂಟೇಲಿ ಬಿಡುತ್ತೆ. ಮುಚ್ಚಿ ನಿಲ್ಲಿಸಿದ ಗಾಡಿಗೆ, ಕಪಾಟಿಗೆ ಸರಿ. ಕಂಪ್ರೆಸರ್ ಇಲ್ಲದ ಸಣ್ಣ ಪೆಲ್ಟಿಯರ್ ಡಿಹ್ಯುಮಿಡಿಫೈಯರ್‌ಗಳದ್ದೂ ಹೆಚ್ಚುಕಮ್ಮಿ ಇದೇ ಕಥೆ. ಕೆಲಸ ಮಾಡೋದು ಕಂಪ್ರೆಸರ್ ಇರೋದು, ಅದಕ್ಕೆ ಹುಕಪ್ ಕರೆಂಟ್ ಬೇಕು, ಒಳಗೂ ಸ್ವಲ್ಪ ಬೆಚ್ಚಗಿರ್ಬೇಕು.

ಕಿಟಕಿಗೆ ಬೆಳ್ಳಿ ಬಣ್ಣದ ರಿಫ್ಲೆಕ್ಟಿಕ್ಸ್ ಶೀಟ್ ಹಾಕಬಹುದಾ?

ಹಾಕಿ, ಚಳಿ ತಡೆಯುತ್ತೆ. ಆದ್ರೆ ಶೀಟ್ ಹಿಂದಿರೋ ಗಾಜು ಇನ್ನೂ ತಣ್ಣಗಾಗುತ್ತೆ, ಸಂದೀಲಿ ಆವಿ ನುಗ್ಗಿ ಹೆಚ್ಚು ಬೆವರುತ್ತೆ, ಅದು ನಿಮಗೆ ಕಾಣಲ್ಲ. ಬೆಳಿಗ್ಗೆ ತೆಗೆದು ಒರೆಸೋ ಅಭ್ಯಾಸ ಇದ್ರೆ ಮಾತ್ರ ಹಾಕಿ.

1 ಪೌಂಡ್ ಸಿಲಿಂಡರ್ ಎಷ್ಟು ಹೊತ್ತು ಬರುತ್ತೆ? ದೊಡ್ಡದಕ್ಕೆ ಜೋಡಿಸಬಹುದಾ?

9,000 ಬಿಟಿಯುನಲ್ಲಿ ಎರಡೂವರೆ ಗಂಟೆಗಿಂತ ಸ್ವಲ್ಪ ಕಮ್ಮಿ, 4,000ದಲ್ಲಿ ಐದೂವರೆ ಗಂಟೆ ಹತ್ರ. 20 ಪೌಂಡ್ ಸಿಲಿಂಡರ್, ಅಂದ್ರೆ 9 ಕೆಜಿ, ಊರಲ್ಲಿ ಮನೆಗೆ ಬರೋ 14.2 ಕೆಜಿ ಸಿಲಿಂಡರ್‌ಗಿಂತ ಸಣ್ಣದು, ಲೋನಲ್ಲಿ 100 ಗಂಟೆ ದಾಟುತ್ತೆ. ಅಂಗಡಿ ಮುಂದೆ ಪಂಜರದಲ್ಲಿಟ್ಟು ಎಕ್ಸ್‌ಚೇಂಜ್ ಮಾಡೋ ಸಿಲಿಂಡರ್‌ಗಳಲ್ಲಿ ಸಾಮಾನ್ಯವಾಗಿ 15 ಪೌಂಡ್ ಮಾತ್ರ ತುಂಬಿರ್ತಾರೆ, ರೀಫಿಲ್ ಮಾಡೋ ಕಡೆ ತುಂಬಿಸ್ಕೊಂಡ್ರೆ ಲಾಭ.

ಜೋಡಿಸಬಹುದು, ಆದ್ರೆ ದೊಡ್ಡ ಸಿಲಿಂಡರ್ ಯಾವಾಗ್ಲೂ ಹೊರಗೇ ಇರ್ಬೇಕು, ಒಳಗೆ ಬರೋದು ಹೋಸ್ ಮಾತ್ರ. ಬಡ್ಡಿ ಒಳಗೆ ಅದರದ್ದೇ ರೆಗ್ಯುಲೇಟರ್ ಇದೆ, 1 ಪೌಂಡ್ ಸಿಲಿಂಡರ್ ತಿರುಗಿಸೋ ಜಾಗಕ್ಕೆ ಹಾಕೋದು ಹೈ ಪ್ರೆಶರ್ ಹೋಸ್. ವೇವ್ ಥರದ್ದು ಕ್ಯಾಂಪರ್‌ನ ಲೋ ಪ್ರೆಶರ್ ಲೈನ್‌ಗೆ, ಅಂದ್ರೆ 11 ಇಂಚು ವಾಟರ್ ಕಾಲಂ (ಗ್ಯಾಸ್ ಒತ್ತಡ ಅಳೆಯೋ ಮಾನ). ಇದನ್ನ ಅದಕ್ಕೆ, ಅದನ್ನ ಇದಕ್ಕೆ ಹಾಕಬೇಡಿ. ಕೆಲವು ಹೋಸ್‌ಗಳ ರಬ್ಬರ್‌ನಿಂದ ಎಣ್ಣೆ ಥರದ ಅಂಟು ಬಿಟ್ಕೊಂಡು ಹೀಟರ್ ಕಟ್ಕೊಳ್ಳುತ್ತೆ, ಅದಕ್ಕೆ ಫಿಲ್ಟರ್ ಹಾಕಿ, ಇಲ್ಲ ಫಿಲ್ಟರ್ ಬೇಡದ ಹೋಸ್ ಅಂತಾನೇ ಸಿಗುತ್ತೆ. ಪ್ರತಿ ಸಲ ಜೋಡಿಸಿದಾಗ್ಲೂ ಸೋಪು ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿ, ಬೆಂಕಿಕಡ್ಡಿ ಗೀರಿ ನೋಡೋದಲ್ಲ.

ಬೆಟ್ಟದ ಮೇಲೆ ಹೋದಾಗ ಹೀಟರ್ ತಾನಾಗೇ ಆಫ್ ಆಗುತ್ತೆ, ಕೆಟ್ಟಿದೆಯಾ?

ಕೆಟ್ಟಿಲ್ಲ. ಎತ್ತರಕ್ಕೆ ಹೋದ ಹಾಗೆ ಗಾಳಿ ತೆಳುವಾಗುತ್ತೆ, ಆ ಆಕ್ಸಿಜನ್ ಸೆನ್ಸರ್ ಅದನ್ನ ಆಕ್ಸಿಜನ್ ಕಮ್ಮಿ ಅಂತಾನೇ ತಿಳ್ಕೊಂಡು ಕಟ್ ಮಾಡುತ್ತೆ. ಬಡ್ಡಿ ಹೀಟರ್‌ಗೆ ಕಂಪನಿ ಹೇಳೋ ಮಿತಿ 7,000 ಅಡಿ. ಗ್ರ್ಯಾಂಡ್ ಕ್ಯಾನ್ಯನ್ ಸೌತ್ ರಿಮ್ ಸುಮಾರು ಅಷ್ಟೇ ಎತ್ತರ, ಬ್ರೈಸ್ ಕ್ಯಾನ್ಯನ್ ರಿಮ್ 8,000 ಅಡಿ ದಾಟುತ್ತೆ. ಡಿಸೆಂಬರ್‌ನಲ್ಲಿ ಅಲ್ಲಿಗೆ ಹೊರಟವರು ಇದೊಂದನ್ನೇ ನಂಬ್ಕೊಂಡು ಹೋಗ್ಬೇಡಿ. ಸೆನ್ಸರ್ ಕಿತ್ತು ಬೈಪಾಸ್ ಮಾಡೋ ವಿಡಿಯೋಗಳನ್ನ ದಯವಿಟ್ಟು ನೋಡೋಕೂ ಹೋಗ್ಬೇಡಿ.

ಊರಿಂದ ಗಾಡಿ ಮಾಡ್ಕೊಂಡು ಲಡಾಖ್‌ಗೆ ಹೊರಟಿದ್ದೀವಿ, ಇದೇ ಹೀಟರ್ ಒಯ್ಯಬಹುದಾ?

ಲೇಹ್ 11,000 ಅಡಿಗೂ ಮೇಲಿದೆ, ಮೇಲೆ ಹೇಳಿದ ಕಾರಣಕ್ಕೇ ಆಗಲ್ಲ. ಜೊತೆಗೆ ನಮ್ಮ ಮನೆ ಎಲ್‌ಪಿಜಿಯಲ್ಲಿ ಪ್ರೊಪೇನ್ ಜೊತೆ ಬ್ಯೂಟೇನ್ ಸೇರಿರುತ್ತೆ. ಪ್ರೊಪೇನ್ ಮೈನಸ್ 42 ಡಿಗ್ರಿವರೆಗೂ ಆವಿಯಾಗುತ್ತೆ, ಬ್ಯೂಟೇನ್ ಸೊನ್ನೆ ಹತ್ರಾನೇ ನಿಂತುಬಿಡುತ್ತೆ, ಚಳಿಗಾಲದಲ್ಲಿ ಸಿಲಿಂಡರ್ ತುಂಬಿದ್ರೂ ಉರಿ ಬರಲ್ಲ. ಅಲ್ಲಿನ ಜನ ಹೊಗೆಕೊಳವೆ ಇರೋ ಬುಖಾರಿ ಅನ್ನೋ ಒಲೆ ಬಳಸೋದು ಸುಮ್ನೆ ಅಲ್ಲ. ಹೋಮ್‌ಸ್ಟೇನಲ್ಲಿ ಮಲಗಿ.

ಗ್ಯಾಸ್ ವಾಸನೆ ಬಂದ್ರೆ?

ಊರಲ್ಲಿ ಮಾಡೋದನ್ನೇ ಮಾಡಿ. ಸ್ವಿಚ್ ಮುಟ್ಟಬೇಡಿ, ಆನೂ ಬೇಡ ಆಫೂ ಬೇಡ, ಎಲ್ಲರನ್ನೂ ಹೊರಗೆ ಕರ್ಕೊಂಡು ಹೋಗಿ, ಸಿಲಿಂಡರ್ ವಾಲ್ವ್ ಮುಚ್ಚಿ, ಬಾಗಿಲು ತೆಗೆದಿಡಿ. ಕೆಳಗೆ ಕೂತ ಗ್ಯಾಸ್ ಬೇಗ ಹೋಗಲ್ಲ, ಸಮಯ ಕೊಡಿ.

ಪೈಲಟ್ ಹತ್ತೋದೇ ಇಲ್ಲ.

ಹೊಸ ಸಿಲಿಂಡರ್ ಅಥವಾ ಉದ್ದ ಹೋಸ್ ಹಾಕಿದ್ರೆ ಒಳಗಿರೋ ಗಾಳಿ ಹೋಗೋಕೆ ಸಮಯ ಬೇಕು, ನಾಬ್ ಒತ್ತಿ ಹಿಡ್ಕೊಂಡೇ ಇರಿ, ಹತ್ತಿದ ಮೇಲೂ ಅರ್ಧ ನಿಮಿಷ ಬಿಡ್ಬೇಡಿ. ಬೇಸಿಗೆ ಪೂರ್ತಿ ಗ್ಯಾರೇಜ್‌ನಲ್ಲಿದ್ದ ಹೀಟರ್ ಆದ್ರೆ ಪೈಲಟ್ ಕೊಳವೇಲಿ ಜೇಡ ಬಲೆ ಕಟ್ಟಿರುತ್ತೆ, ಏರ್ ಕ್ಯಾನ್‌ನಿಂದ ಊದಿ.

ಮಕ್ಕಳು, ಅಜ್ಜಿ ತಾತ ಇದ್ರೆ ಏನು ಜಾಗ್ರತೆ?

ಮುಂದುಗಡೆ ಎರಡಡಿಗಿಂತ ಹತ್ರ ಏನೂ ಇರಬಾರದು, ಮೇಲ್ಗಡೆ ಇನ್ನೂ ಜಾಸ್ತಿ. ಊರಿಂದ ಬಂದ ಅಮ್ಮ ಚಳಿ ಅಂತ ಸೀರೆ ಮೇಲೆ ಶಾಲು ಹೊದ್ದು ಹೀಟರ್‌ಗೆ ಬೆನ್ನು ಮಾಡಿ ಕೂರ್ತಾರೆ, ಸೆರಗು ಎಲ್ಲಿ ಬಿದ್ದಿದೆ ಅಂತ ಅವರಿಗೆ ಕಾಣಲ್ಲ. ನಡೆಯೋ ದಾರೀಲಿ ಇಡ್ಬೇಡಿ, ಗಟ್ಟಿ ಸಮತಟ್ಟಾದ ನೆಲದ ಮೇಲಿಡಿ, ಹಾಸಿಗೆ ಸೋಫಾ ಮೇಲಂತೂ ಬೇಡವೇ ಬೇಡ. ಬಾಡಿಗೆ ಗಾಡಿ ಆದ್ರೆ ಅಗ್ರಿಮೆಂಟ್ ಓದಿ, ಹೊರಗಿನ ಹೀಟರ್ ತರಬಾರದು ಅಂತ ಬರೆದಿರೋ ಸಾಧ್ಯತೆ ಇದೆ.

ಬೂಷ್ಟು ಬಂದುಬಿಟ್ಟಿದೆ, ಏನ್ ಮಾಡ್ಲಿ?

ಸಣ್ಣ ಜಾಗ ಆದ್ರೆ ಮಾಸ್ಕ್, ಗ್ಲೌಸ್ ಹಾಕ್ಕೊಂಡು ಸೋಪು ನೀರಲ್ಲಿ ಉಜ್ಜಿ, ಪೂರ್ತಿ ಒಣಗಿಸಿ. ವಿನೆಗರ್ ಬಳಸೋರು ಬ್ಲೀಚ್ ಜೊತೆ ಯಾವ ಕಾರಣಕ್ಕೂ ಸೇರಿಸಬಾರದು, ಕ್ಲೋರಿನ್ ಗ್ಯಾಸ್ ಬರುತ್ತೆ. ಫೋಮ್ ಒಳಗೆ ಹೋಗಿದ್ರೆ ಹಾಸಿಗೆ ಬಿಸಾಕೋದೇ ವಾಸಿ. ಪ್ಲೈವುಡ್ ಒತ್ತಿದ್ರೆ ಮೆತ್ತಗಿದೆ ಅಂದ್ರೆ ಅದು ಹೀಟರ್‌ನಿಂದ ಬಂದ ತೇವ ಅಲ್ಲದೇನೂ ಇರಬಹುದು, ರೂಫ್ ಸೀಲ್ ಅಥವಾ ಕಿಟಕಿ ಸುತ್ತ ಮಳೆ ನೀರು ಸೋರ್ತಿದೆಯಾ ನೋಡಿಸಿ.

ಟ್ರಿಪ್ ಮುಗಿಸಿ ಬಂದು ಗಾಡಿ ನಿಲ್ಲಿಸೋವಾಗ?

ಬಂದ ದಿನಾನೇ ಹಾಸಿಗೆ ಎತ್ತಿ, ಕಪಾಟು ತೆಗೆದು, ಮನೆ ಕರೆಂಟ್‌ನಿಂದ ಎಲೆಕ್ಟ್ರಿಕ್ ಹೀಟರ್ ಹಾಕಿ ವೆಂಟ್ ತೆರೆದು ಅರ್ಧ ದಿನ ಒಣಗಿಸಿ, ಆಮೇಲೆ ಹರಳಿನ ಡಬ್ಬಿ ಇಟ್ಟು ಮುಚ್ಚಿ. ಪೋರ್ಟಬಲ್ ಹೀಟರ್‌ನಿಂದ ಸಿಲಿಂಡರ್ ಬಿಚ್ಚಿ ಬೇರೆ ಇಡಿ. ಕ್ಯಾಟಲಿಟಿಕ್ ಆದ್ರೆ ಪ್ಯಾಡ್ ಮೇಲೆ ಧೂಳು ಕೂರದ ಹಾಗೆ ಕವರ್ ಹಾಕಿ, ಧೂಳು ಕುಡಿದ ಪ್ಯಾಡ್‌ನ ತೊಳೆಯೋಕಾಗಲ್ಲ.